ಹುಡುಗ ಬಂಗಾರ ಅಂದರು

ಬೆಳಗಾವಿಯ ಅನಗೋಳದ ಆ ಓಣಿಗೆ ಹುಡುಗ ಹೇಗೆ ಎಂದು ಚೌಕಶಿ ಮಾಡಲು ಬಂದವರು ಮೊದಲು ಸೋನಾಬಾಯಿಯ ಕಟ್ಟೆಗೆ ಬರುತ್ತಾರೆ. ಕಟ್ಟೆಗೆ ನೆರಳಿದೆ, ಕೇಳಿದವರಿಗೆ ನೀರು ಸಿಗುತ್ತದೆ. ಒಂದು ಮಧ್ಯಾಹ್ನ ಕಿತ್ತೂರಿನ ಕಡೆಯಿಂದ ಗೌರವ್ವ ಎಂಬ ಹೆಂಗಸು ಬಂದಳು. ತನ್ನ ಮಗಳನ್ನು ಬಾಜೂ ಮನೆಯ ಕಲ್ಮೇಶನಿಗೆ ಕೊಡುವ ವಿಚಾರ ಅವಳದು.

"ಹುಡುಗ ಹೆಂಗದಾನ್ರೀ ಅಕ್ಕಾರ? ಮೊದಲಿನ ಹೆಂಡ್ತಿ ತಾನ ಬಿಟ್ಟ ಹೋದಳು ಅಂತಾರ."

ಎರಡೂ ಮನೆಗಳ ನಡುವೆ ಇರುವುದು ಒಂದೇ ಗೋಡೆ. ಆ ಮೊದಲಿನ ಹೆಂಡತಿ ಅಳುತ್ತಿದ್ದದ್ದನ್ನು ಸೋನಾಬಾಯಿ ಆ ಗೋಡೆಯಾಚೆಯಿಂದ ಎಷ್ಟೋ ಸಲ ಕೇಳಿದ್ದಳು. ಈಗ ನೀರಿನ ಚಂಬನ್ನು ನೋಡುತ್ತ ಹೇಳಿದಳು:

"ಹುಡುಗ ಬಂಗಾರ ಅದಾನ್ರೀ. ತಾ ಆತು, ತನ್ನ ಕೆಲಸ ಆತು. ಒಬ್ಬರ ಗೊಡವಿಗೆ ಹೋಗಂಗಿಲ್ಲ."

ಗೌರವ್ವ ಸಮಾಧಾನದಿಂದ ಎದ್ದುಹೋದಳು. ಒಳಗಿನಿಂದ ಮಗಳು ಬ್ರಾಹ್ಮಿ ಬಂದಳು. ರವಿವಾರ ಪೇಟೆಯ ಕಿರಾಣಿ ಮಳಿಗೆಯಲ್ಲಿ ಲೆಕ್ಕ ಬರೆಯುವವಳು, ಅಂದು ಅವಳಿಗೆ ರಜೆ.

"ಅವ್ವಾ, ಕಲ್ಮೇಶ ಬಂಗಾರಾ?"

"ಲಗ್ನ ಮುರದ ಪಾಪ ನಮಗ್ಯಾಕ ಬೇಕು?"

"ನನಗೂ ಗಂಡ ನೋಡಾಕತ್ತೀರಲ್ಲ. ಖಾನಾಪುರದ ಮಂದಿನೂ ಹಿಂಗ ಅಂದ್ರ?"

"ಅಲ್ಲಿ ಮಂದಿ ಖರೇ ಹೇಳತಾರ," ಎಂದಳು ಸೋನಾಬಾಯಿ. ಯಾಕೆ ಹೇಳುತ್ತಾರೆ ಎಂದು ಅವಳು ಯೋಚಿಸಿರಲಿಲ್ಲ.

ಬ್ರಾಹ್ಮಿಗೆ ನೋಡಿದ್ದ ಹುಡುಗ ಶ್ರೇಣಿಕ. ಖಾನಾಪುರದಲ್ಲಿ ಬೀಜ, ಗೊಬ್ಬರದ ಅಂಗಡಿ ಇಟ್ಟಿದ್ದ. ಮಧ್ಯಸ್ಥಿಕೆ ವಹಿಸಿದ್ದವನು ಸೋನಾಬಾಯಿಯ ಮೈದುನ ತಾತ್ಯಾಸಾಹೇಬ. ಗಂಡ ತೀರಿಕೊಂಡ ಮೇಲೆ ಆ ಮನೆಯ ದೊಡ್ಡ ಮಾತುಗಳೆಲ್ಲ ಅವನದೇ. ಮುಂದಿನ ವಾರ ಅವನೇ ಅತ್ತಿಗೆಯನ್ನು ಖಾನಾಪುರಕ್ಕೆ ಕರೆದುಕೊಂಡು ಹೋದ.

ಗಿರಣಿಯಲ್ಲಿ ಕೇಳಿದರು. "ಹುಡುಗ ಬಂಗಾರ." ಚಹಾದ ಅಂಗಡಿಯಲ್ಲಿ ಕೇಳಿದರು. "ಪೋರಗಾ ಸೋನ್ಯಾಸಾರಖಾ," ಎಂದ ಅಂಗಡಿಯವನು. ಅದೇ ಬಂಗಾರ, ಮರಾಠಿಯಲ್ಲಿ. ಕೊನೆಗೆ ಹುಡುಗನ ಎದುರು ಮನೆಯ ಹೆಂಗಸನ್ನು ಕೇಳಿದರು. ಅವಳು ಹಸನು ಮಾಡುತ್ತಿದ್ದ ಅಕ್ಕಿಯ ಮೊರದಿಂದ ಕಣ್ಣೆತ್ತಲಿಲ್ಲ.

"ತಾ ಆತು, ತನ್ನ ಕೆಲಸ ಆತು. ಒಬ್ಬರ ಗೊಡವಿಗೆ ಹೋಗಂಗಿಲ್ಲ."

ಸೋನಾಬಾಯಿಗೆ ಗುರುತು ಸಿಕ್ಕಿತು. ಅದು ಅವಳದೇ ಮಾತು. ಧಾಟಿಯೂ ಅವಳದೇ. ಚಂಬಿನ ಜಾಗದಲ್ಲಿ ಮೊರ ಇತ್ತು, ಅಷ್ಟೇ.

ತಿರುಗಿ ಬರುವಾಗ ಬಸ್ಸಿನಲ್ಲಿ ತಾತ್ಯಾಸಾಹೇಬ ಮೀಸೆ ತಿರುವಿದ. "ಎಲ್ಲಾ ಕಡೆ ಒಂದ ಮಾತು. ಇನ್ನೇನ ಬೇಕು ವೈನಿ?"

"ಒಂದ ಮಾತು ಅಂತನ ನನಗ ಅಂಜಿಕಿ ಬಂದೈತಿ."

ಸಂಜೆ ಅವಳು ತಮ್ಮ ಓಣಿಯ ಎದುರು ಮನೆಯ ಬಿಲ್ಕೀಸಳನ್ನು ಕರೆದಳು. ಬಿಲ್ಕೀಸ ಮನೆಯಲ್ಲಿ ಬ್ಲೌಸ್ ಹೊಲಿಯುತ್ತಾಳೆ. ಬಿಡುವಿದ್ದಾಗ ಕಾನೂನು ಸೇವೆಗಳ ಪ್ರಾಧಿಕಾರದಲ್ಲಿ ಸ್ವಯಂಸೇವಕಿ. ಅವಳು ಹೇಳಿದ್ದು ಇಷ್ಟು: ಕೋರ್ಟಿಗೆ ಹೋದ ಕೇಸುಗಳ ವಿವರ ಇ-ಕೋರ್ಟ್ಸ್ ಎಂಬ ಸರ್ಕಾರಿ ಆ್ಯಪಿನಲ್ಲಿದೆ. ಯಾರು ಬೇಕಾದರೂ ಹೆಸರು ಹಾಕಿ ನೋಡಬಹುದು. ದುಡ್ಡಿಲ್ಲ.

ತಾತ್ಯಾಸಾಹೇಬನಿಗೆ ಸಿಟ್ಟು ಬಂತು. "ಮಾನವಂತರ ಮನಿ ಹುಡುಗನ ಹೆಸರು ಕಳ್ಳರ ಸಾಲಿನ್ಯಾಗ ಹುಡಕೂದ?"

"ಹುಡಕಿದ್ರ ಯಾರೂ ಕಳ್ಳ ಆಗಂಗಿಲ್ರೀ ಕಾಕಾ. ಸಾಲ ಕೊಡೂ ಮುಂದ ಬ್ಯಾಂಕಿನವರು ನಿಮ್ಮ ಹೊಲದ ಉತಾರ ನೋಡತಾರ. ಅವರ ಮ್ಯಾಲೆ ಸಿಟ್ಟ ಮಾಡತೀರೇನ?"

"ಬ್ಯಾಂಕು ಬ್ಯಾರೆ, ಬೀಗತನ ಬ್ಯಾರೆ."

"ಖರೇ. ಬ್ಯಾಂಕಿನವರು ಹೊಲ ಅಷ್ಟ ಬರಕೋತಾರ. ಇಲ್ಲಿ ಹುಡುಗೀನ ಕೊಡಬೇಕು."

ಬ್ರಾಹ್ಮಿ ನಕ್ಕಳು. ಬಿಲ್ಕೀಸ ಜಿಲ್ಲೆ ಆರಿಸಿ, ಬೆಳಗಾವಿ ನಗರದ ಕೋರ್ಟು ಆರಿಸಿ, ಹೆಸರು ಹಾಕಿದಳು. ಏನೂ ಬರಲಿಲ್ಲ.

"ಆತಲ್ಲ, ಮುಗೀತು," ಎಂದು ತಾತ್ಯಾಸಾಹೇಬ ಎದ್ದ.

"ಕುಂದರ್ರಿ ಕಾಕಾ. ಖಾನಾಪುರಕ್ಕ ಬ್ಯಾರೆ ಕೋರ್ಟ್ ಐತಿ. ಹುಡುಗ ಎಲ್ಲಿ ಇರತಾನೋ ಅಲ್ಲಿ ನೋಡಬೇಕು."

ಖಾನಾಪುರ ಆರಿಸಿದಳು. ನಡೆಯುತ್ತಿರುವ ಕೇಸುಗಳಲ್ಲಿ ಹೆಸರಿರಲಿಲ್ಲ. ಮುಗಿದ ಕೇಸುಗಳನ್ನು ಒಂದೊಂದು ವರ್ಷ ಹಿಂದೆ ಹೋಗಿ ನೋಡುತ್ತ ಬಂದಾಗ ಸಿಕ್ಕಿತು. ಹೊಡೆದಾಟದ ಕೇಸು. ಶ್ರೇಣಿಕ ಎರಡನೇ ಆರೋಪಿ. ತಂದೆಯ ಹೆಸರು, ಊರು ಎಲ್ಲ ತಾಳೆಯಾದವು.

ಸೋನಾಬಾಯಿ ಎದ್ದು ನಿಂತಳು. "ಮುರದ ಬಿಡ್ರಿ."

"ಅಕ್ಕಾ, ಆರೋಪ ಮಾಡಿದ್ದು ಪೊಲೀಸರು. ಕೋರ್ಟ್ ಏನ ಹೇಳೇತಿ ನೋಡೂಣು. ಅರ್ಧ ಓದಿ ಏಳಬ್ಯಾಡ್ರಿ."

ತೀರ್ಪಿನ ಪ್ರತಿಯೂ ಅಲ್ಲೇ ಇತ್ತು. ಬಿಲ್ಕೀಸ ಓದಿ ಹೇಳಿದಳು. ಬಾವಿಯ ಪಂಪಿನ ಸಲುವಾಗಿ ದಾಯಾದಿಗಳ ಜಗಳ. ಏಟು ತಿಂದವನೇ ಸಾಕ್ಷಿ ಹೇಳಿದ್ದ, ಹೊಡೆದವನು ಶ್ರೇಣಿಕ ಅಲ್ಲ ಎಂದು. ಕೋರ್ಟು ಶ್ರೇಣಿಕನನ್ನು ಬಿಡುಗಡೆ ಮಾಡಿತ್ತು.

"ಅಂದ್ರ ಹುಡುಗ ಛಲೋ ಅದಾನ?" ಸೋನಾಬಾಯಿ ಕೇಳಿದಳು.

"ನನಗೇನ ಗೊತ್ತು? ಕಾಗದಾ ಹೇಳೂದು ಇಷ್ಟ. ಉಳದದ್ದು ಅವನ್ನ ಕೇಳ್ರಿ."

ಬ್ರಾಹ್ಮಿ ಕೂಡಲೇ ಶ್ರೇಣಿಕನಿಗೆ ಫೋನ್ ಹಚ್ಚಿದಳು. ಎಲ್ಲರಿಗೂ ಕೇಳುವಂತೆ ದನಿ ಜೋರು ಮಾಡಿ ಕಟ್ಟೆಯ ಮೇಲಿಟ್ಟಳು.

"ನಿಮ್ಮ ಮ್ಯಾಲೆ ಒಂದ ಕೇಸ್ ಇತ್ತಂತಲ್ರೀ."

ಆ ಕಡೆಯಿಂದ ಶ್ರೇಣಿಕ ಹೇಳಿದ: "ಇತ್ತು. ತಾತ್ಯಾಕಾಕಾಗ ಮೊದಲ ಹೇಳಿದ್ದೆ. ನಿಮಗ ತಿಳಿಸಿಲ್ಲೇನು?"

ಎಲ್ಲರೂ ತಾತ್ಯಾಸಾಹೇಬನನ್ನು ನೋಡಿದರು. ಅವನು ಮೀಸೆಯ ಮೇಲಿನ ಕೈ ತೆಗೆದ.

"ಆ ದಿನ ನಾನೂ ಅಲ್ಲೇ ಇದ್ದೆ," ಫೋನಿನ ದನಿ ಮುಂದುವರಿಯಿತು. "ಹೊಡದಿಲ್ಲ. ಆದರ ಬಿಡಸಾಕೂ ಹೋಗಲಿಲ್ಲ. ನಿಂತ ನೋಡಿದೆ. ಅದಕ್ಕ ಕೋರ್ಟಿನ್ಯಾಗ ಶಿಕ್ಷಾ ಇಲ್ಲ, ಆದರೂ ಅದು ನಂದ ತಪ್ಪು. ಇದಕ್ಕೂ ಮೊದಲ ಒಂದ ಹೆಣ್ಣಿನ ಕಡೆಯವ್ರು ಕೇಸ್ ಗೊತ್ತಾಗಿ, ನನ್ನ ಏನೂ ಕೇಳದನ ಒಲ್ಲೆವು ಅಂದರು. ನನ್ನ ಕೇಳಿದಾವ್ರು ನೀವ ಮೊದಲು."

ಫೋನ್ ಇಟ್ಟ ಮೇಲೆ ತಾತ್ಯಾಸಾಹೇಬ ಮೆಲ್ಲಗೆ ಹೇಳಿದ. "ಕೇಸ್ ಮುಗದೈತಲ್ಲಂತ ಬಿಟ್ಟೆ. ಹೇಳಿದ್ರ ನೀವು ಕೇಳತಿದ್ರೇನು? ಈಗ ವೈನಿ 'ಮುರದ ಬಿಡ್ರಿ' ಅಂದ್ರಲ್ಲ."

ಮಾತಿನಲ್ಲಿ ಹುರುಳಿತ್ತು. ಸೋನಾಬಾಯಿ ಅದನ್ನು ಒಪ್ಪಿದಳು. ಬ್ರಾಹ್ಮಿ ಒಪ್ಪಲಿಲ್ಲ.

"ಕಾಕಾ, ಅಂವ ಮುಚ್ಚಿಡಲಿಲ್ಲ. ಮುಚ್ಚಿಟ್ಟವ್ರು ನೀವು. ಲಗ್ನ ಆದಮ್ಯಾಲೆ ಇದು ಗೊತ್ತಾಗಿದ್ರ ನಾ ಯಾರನ್ನ ನಂಬತಿದ್ದೆ?"

ಆಮೇಲೆ ಅವಳು ಶ್ರೇಣಿಕನನ್ನು ಖುದ್ದಾಗಿ ಭೇಟಿಯಾದಳು. ಏಟು ತಿಂದಿದ್ದ ಆ ದಾಯಾದಿಯ ಜೊತೆಗೂ ಮಾತಾಡಿದಳು. ದೀಪಾವಳಿ ಮುಗಿದ ಮೇಲೆ, "ನನಗ ಒಪ್ಪಿಗಿ ಐತಿ," ಅಂದಳು.

ಆ ವಾರವೇ ಗೌರವ್ವ ಮತ್ತೆ ಓಣಿಗೆ ಬಂದಳು. ಕಲ್ಮೇಶನ ಮನೆಗೆ ತಾರೀಖು ಗೊತ್ತು ಮಾಡಲು ಹೊರಟಿದ್ದಳು. ಬಿಸಿಲಿತ್ತು. ನೀರು ಕೇಳಿದಳು. ಸೋನಾಬಾಯಿ ಚಂಬು ಕೊಟ್ಟು, ಬಿಲ್ಕೀಸಳನ್ನು ಕೂಗಿ ಕರೆದಳು.

"ಗೌರವ್ವಾರ, ಇಲ್ಲೇ ಕುಂದರ್ರಿ. ಹೋಗೂ ಮುಂಚೆ ಒಂದ ನೋಡ್ರಿ. ಬಿಲ್ಕೀಸಾ, ಹೆಸರು ಕಲ್ಮೇಶ, ತಂದಿ ಹೆಸರು ನಿನಗ ಗೊತ್ತೈತಿ. ಕೋರ್ಟ್ ಬೆಳಗಾವಿದು."

ಕೇಸು ಸಿಕ್ಕಿತು. ಹೆಂಡತಿಗೆ ಹಿಂಸೆ ಕೊಟ್ಟ ಆರೋಪ. ಇನ್ನೂ ನಡೆಯುತ್ತಿತ್ತು. ಗೌರವ್ವ ಫೋನಿನಿಂದ ಕಣ್ಣೆತ್ತಿ ಕೇಳಿದಳು.

"ಇನ್ನೂ ನಡದೈತಿ ಅಂದ್ರ, ತಪ್ಪ ಮಾಡ್ಯಾನ ಅಂತ ಆಗಲಿಲ್ಲಲ್ಲ?"

"ಆಗಲಿಲ್ಲ," ಎಂದಳು ಬಿಲ್ಕೀಸ.

ಗೌರವ್ವ ಸೋನಾಬಾಯಿಯ ಕಡೆ ತಿರುಗಿದಳು. "ನೀವು ಬಾಜೂಕ ಇರಾವ್ರು. ನಿಮಗೇನ ಗೊತ್ತೈತಿ?"

ಸೋನಾಬಾಯಿ ಈ ಸಲ ಚಂಬನ್ನು ನೋಡಲಿಲ್ಲ. "ನಡಕ ಒಂದ ಗೋಡಿ ಐತ್ರೀ. ಆಕಿ ಅಳೂದು ಕೇಳೇನಿ. ಒಂದ ಸಲ ಅಲ್ಲ."

"ಅವತ್ತ ಯಾಕ ಹೇಳಲಿಲ್ಲ?"

"ಲಗ್ನ ಮುರದ್ರ ಪಾಪ ಬರತೈತಿ ಅಂತ."

"ಯಾರಿಗೆ?" ಎಂದು ಕೇಳಿದಳು ಗೌರವ್ವ. ನೀರು ಕುಡಿದು, ಚಂಬು ಕೆಳಗಿಟ್ಟು, ಕಲ್ಮೇಶನ ಮನೆಯೊಳಗೆ ಹೋಗದೆ, ಅವನ ಬಾಗಿಲ ಮುಂದಿನಿಂದಲೇ ಬಸ್ ಸ್ಟ್ಯಾಂಡಿನ ಕಡೆ ನಡೆದಳು.

ಓದುವ ಅಕ್ಕ, ಅಣ್ಣಂದಿರೇ, ಮಗಳನ್ನು ಕೊಡುವ ಮೊದಲು, ಮನೆಗೆ ಆಳು ಇಟ್ಟುಕೊಳ್ಳುವ ಮೊದಲು, ಹೊಲ ಪಾಲಿಗೆ ಹಾಕುವ ಮೊದಲು ಇ-ಕೋರ್ಟ್ಸ್ ನೋಡಿ. ಆ ಮನುಷ್ಯ ಇದ್ದ ತಾಲ್ಲೂಕಿನ ಕೋರ್ಟನ್ನೇ ಆರಿಸಿ. ನಡೆಯುತ್ತಿರುವ ಕೇಸು, ಮುಗಿದ ಕೇಸು ಎರಡನ್ನೂ ನೋಡಿ. ಒಂದೇ ಹೆಸರಿನವರು ಬಹಳ ಜನ ಇರುತ್ತಾರೆ, ತಂದೆಯ ಹೆಸರು, ಊರು ತಾಳೆ ನೋಡದೆ ಯಾರ ಮೇಲೂ ಹೊರಿಸಬೇಡಿ. ಕೇಸು ಇದ್ದ ಮಾತ್ರಕ್ಕೆ ಯಾರೂ ಅಪರಾಧಿಯಲ್ಲ, ಕೊನೆಯವರೆಗೆ ಓದಿ. ಎಲ್ಲ ಕೇಸುಗಳೂ ಅಲ್ಲಿ ಸಿಗುವುದಿಲ್ಲ, ಪೊಲೀಸ್ ಠಾಣೆಯ ಮಟ್ಟದಲ್ಲೇ ನಿಂತ ದೂರು ಕಾಣುವುದಿಲ್ಲ. ಆದ್ದರಿಂದ ಆ ಮನುಷ್ಯನನ್ನೇ ನೇರವಾಗಿ ಕೇಳಿ. ಸಿಕ್ಕಿದ್ದನ್ನು ವಾಟ್ಸ್ಯಾಪಿನಲ್ಲಿ ಹಂಚಬೇಡಿ. ಫೋನು ಬಳಸಲು ಬಾರದಿದ್ದರೆ ತಾಲ್ಲೂಕು ಕೋರ್ಟಿನಲ್ಲಿರುವ ಕಾನೂನು ಸೇವೆಗಳ ಸಮಿತಿಗೆ ಹೋಗಿ, ಇಲ್ಲವೇ 15100ಕ್ಕೆ ಕರೆ ಮಾಡಿ.

ನಾಳೆ ನಿಮ್ಮ ಕಟ್ಟೆಗೂ ಒಬ್ಬ ತಾಯಿ ಬಂದು ನೀರು ಕೇಳುತ್ತಾಳೆ. ನೀರು ಕೊಡಿ. ಬಂಗಾರ ಅನ್ನುವ ಮೊದಲು ಅವಳ ಮುಖ ನೋಡಿ.