ಅತ್ತೆಯ ಮಡಿ ಶಾಲು

ಶೈಲಜಾ ಅತ್ತೆಯ ದಿಂಬಿನ ಕವರನ್ನು ಕಳಚಿ ಕೊಡವಿದಾಗ ಒಳಗಿಂದ ಶಾಲು ಜಾರಿ ಕಾರ್ಪೆಟ್ಟಿನ ಮೇಲೆ ಬಿತ್ತು. ಬೆಳಗಿನಿಂದ ಅದನ್ನೇ ಹುಡುಕುತ್ತಿದ್ದಳು. ಅಡುಗೆಮನೆ ಬಾಗಿಲ ಹಿಂದಿನ ಕೊಕ್ಕೆಯಲ್ಲಿ ಇರಬೇಕಾದದ್ದು ದಿಂಬಿನೊಳಗೆ ಹೇಗೆ ಬಂತು? ಮುದುಕಿ ಬೇಕೆಂದೇ ಬಚ್ಚಿಟ್ಟಿದ್ದಾಳೆ ಎಂದು ಸಿಟ್ಟು ಬಂತು. ತೀರಿಹೋದವರ ಮೇಲೆ ಸಿಟ್ಟಾಗಬಾರದೆಂದು ನೆನಪಾಗಿ ಸ್ವಲ್ಪ ಇಳಿಯಿತು, ಪೂರ್ತಿ ಅಲ್ಲ.

ಕೆನೆ ಬಣ್ಣದ ಪಶ್ಮೀನಾ. ಒಂದು ಮೂಲೆಯಲ್ಲಿ ಸಾರಿನ ಕಲೆ, ಉದ್ದಕ್ಕೂ ಇಂಗಿನ ವಾಸನೆ.

"ಸಿಕ್ತಾ?" ಗಂಡ ಗುರುಪ್ರಸಾದ ಬಾಗಿಲಲ್ಲಿ ನಿಂತು ಕೇಳಿದ. "ಹೇವರ್ಡ್‌ನ ಚಿತಾಗಾರಕ್ಕೆ ಲೇಟಾಗತ್ತೆ, ಬ್ರಿಜ್ ಮೇಲೆ ಟ್ರಾಫಿಕ್ಕಿರತ್ತೆ. ಅಮ್ಮನ ಮಡಿ ಶಾಲು, ಅವಳ ಜೊತೇಲೇ ಹೋಗ್ಲಿ."

"ಸುಡೋಕಾ? ಉಡಿಸೋಕೆ ರೇಷ್ಮೆ ಸೀರೆ ಕೊಟ್ಟಿದೀವಲ್ರೀ. ಇದು ನನ್ನ ಶಾಲು."

ಅವನು ಕಣ್ಣೊರೆಸಿಕೊಂಡ. "ಸರಿ, ಜನ ನೋಡೋವಾಗ ಹೊದಿಸಿರೋಣ. ಆಮೇಲೆ ಒಳಗೆ ಕಳಿಸೋ ಮುಂಚೆ ನೀನೇ ತೆಗ್ದು ಇಟ್ಕೊ."

ಶೈಲಜಾ ಒಪ್ಪಿದಳು. ಡ್ರೈ ಕ್ಲೀನಿಂಗಿಗೆ ಕೊಟ್ಟರೆ ಕಲೆ ಹೋದೀತು ಎಂದು ಆಗಲೇ ಲೆಕ್ಕ ಹಾಕಿದ್ದಳು.

*

ಎಂಬತ್ತೊಂದರಲ್ಲಿ ಇಂಡಿಯಾಕ್ಕೆ ರಜೆಗೆ ಹೋದಾಗ ಶ್ರೀನಗರದಲ್ಲಿ ಕೊಂಡದ್ದು. ಅಂಗಡಿಯವನು ಅವಳ ಬೆರಳಿನ ಉಂಗುರವನ್ನೇ ಈಸಿಕೊಂಡು ಇಡೀ ಶಾಲನ್ನು ಅದರೊಳಗಿಂದ ಎಳೆದು ತೋರಿಸಿದ್ದ. ಶೈಲಜಾ ಅಲ್ಲೇ ಸೋತಿದ್ದಳು. ತನಗೆಂದು ಅವಳು ಹಟ ಮಾಡಿ ಕೊಂಡ ವಸ್ತು ಅದೊಂದೇ.

ಎರಡು ವರ್ಷಕ್ಕೆ ಅತ್ತೆ ವೇದವತಮ್ಮ ಮೈಸೂರಿನಿಂದ ಅಮೆರಿಕದ ಸ್ಯಾನ್ ಮಟಿಯೋಗೆ ಮಗನ ಮನೆಗೆ ಬಂದರು, ಜೊತೆಗೆ ಅವರ ಮಡಿಯೂ ಬಂತು. ಬಾಲ್ಕನಿಯಲ್ಲಿ ಮಡಿಸೀರೆ ಒಣಹಾಕಿದ ಮೊದಲ ದಿನವೇ ಅಪಾರ್ಟ್‌ಮೆಂಟಿನ ಮ್ಯಾನೇಜರು ಬಂದು ತೆಗೆಸಿದ. ಮರುದಿನ ಅತ್ತೆ ಶೈಲಜಾಳ ಬಟ್ಟೆಯ ಕ್ಲಾಸೆಟ್ಟಿನಿಂದ ಶಾಲನ್ನು ತೆಗೆದು, ಉಣ್ಣೆಗೆ ಮೈಲಿಗೆಯಿಲ್ಲ ಎಂದು ಸೊಂಟಕ್ಕೆ ಸುತ್ತಿಕೊಂಡು ಸಾರಿಗೆ ಒಗ್ಗರಣೆ ಹಾಕುತ್ತಿದ್ದರು. ಶೈಲಜಾಳ ಹೊಟ್ಟೆ ಉರಿದುಹೋಯಿತು.

"ಅತ್ತೆ, ಅದು ಕುರಿ ಉಣ್ಣೆ ಅಲ್ಲ. ಮೇಕೇದು," ಎಂದಳು. ಮೇಕೆಯದೆಂದರೆ ಅತ್ತೆ ಇನ್ನು ಮುಟ್ಟುವುದಿಲ್ಲ ಎಂದುಕೊಂಡಿದ್ದಳು.

ವೇದವತಮ್ಮ ಸೌಟು ಕೆಳಗಿಟ್ಟರು. "ಮೇಕೇನ ಕೊಂದು ತೆಗೀತಾರೇನೆ?"

"ಇಲ್ಲ. ಲಡಾಖಿನ ಚಳಿಗೆ ಕೂದಲ ಕೆಳಗೆ ಮೆತ್ತಗೆ ತುಪ್ಪಳ ಬೆಳೆಯತ್ತಂತೆ. ಚಳಿ ಕಳೆದ್ಮೇಲೆ ಅದಾಗೇ ಉದುರತ್ತೆ, ಬಾಚಿ ತೆಗೀತಾರೆ. ಹೆಂಗಸ್ರು ಮನೇಲಿ ಚರಕದಲ್ಲಿ ನೂಲ್ತಾರೆ. ಮೆಷಿನ್ನಿಗೆ ಕೊಟ್ರೆ ಎಳೆ ತಡೆಯಲ್ವಂತೆ."

"ಹಾಗಾದ್ರೆ ಅದು ಬೇಡ ಅಂತ ಬಿಟ್ಟಿದ್ದು. ಬಾಧಕವಿಲ್ಲ, ಮಡಿಗೆ ಬರತ್ತೆ." ಸೌಟು ಮತ್ತೆ ಕೈಗೆ ಬಂತು.

ಧರ್ಮಶಾಸ್ತ್ರ ಅಷ್ಟು ಬೇಗ ತೀರ್ಮಾನವಾದದ್ದನ್ನು ಶೈಲಜಾ ಎಲ್ಲೂ ಕಂಡಿರಲಿಲ್ಲ. ಹೀಟರನ್ನು ಅರವತ್ತೆರಡು ಡಿಗ್ರಿ ಫ್ಯಾರನ್‌ಹೀಟಿನ ಮೇಲೆ ಏರಿಸಬಾರದೆಂಬುದು ಆ ಮನೆಯಲ್ಲಿ ಗುರುಪ್ರಸಾದನ ಕಾನೂನು. ಸ್ವೆಟರ್ ತರಲೇ ಎಂದು ಅವಳು ಒಮ್ಮೆ ಕೇಳಿದ್ದಳು. "ನಂಗ್ಯಾವ ಚಳೀನೂ ಇಲ್ಲಮ್ಮ," ಎಂದಿದ್ದರು ಅತ್ತೆ.

*

ಹೇವರ್ಡಿನ ಚಿತಾಗಾರದಲ್ಲಿ ಕಾಫಿ ಮೆಷಿನ್ನಿನ ಪಕ್ಕದ ಕೋಣೆಯನ್ನು ಕೊಟ್ಟಿದ್ದರು. ಆನಂದತೀರ್ಥ ವಾರವೆಲ್ಲ ಸ್ಯಾನ್ ಹೊಸೆಯಲ್ಲಿ ಇಂಜಿನಿಯರು, ಬೇಕಾದವರಿಗೆ ಪುರೋಹಿತ. ಪ್ಯಾಂಟಿನ ಮೇಲೆಯೇ ಪಂಚೆ ಸುತ್ತಿಕೊಂಡು ಮಂತ್ರ ಹೇಳಿದ. ಪಕ್ಕದ ಬೀದಿಯ ರಮಾ, ಶವದ ಹೆಗಲ ಮೇಲಿದ್ದ ಶಾಲನ್ನು ಬೆರಳಲ್ಲಿ ಮುಟ್ಟಿ ನೋಡಿದಳು.

"ಎಷ್ಟು ಮೆತ್ತಗಿದೆ ಶೈಲಾ. ಪುಣ್ಯವಂತೆ ನಿಮ್ಮತ್ತೆ. ಇಂಥ ಸೊಸೆ ಯಾರಿಗೆ ಸಿಗ್ತಾಳೆ."

ಶೈಲಜಾ ನೆಲ ನೋಡಿದಳು.

ಎಲ್ಲರೂ ಬಾಯಿಗೆ ಅಕ್ಕಿಕಾಳು ಹಾಕಿ ಹೊರಗೆ ಹೋದರು. ಉಳಿದವರು ಮನೆಯವರು ಮೂವರು ಮತ್ತು ಅಲ್ಲಿಯ ಕೆಲಸದವನು. ತೆಗೆದುಕೊಳ್ಳುವುದೇನಾದರೂ ಇದೆಯೇ ಎಂದು ಅವನು ಮೆಲ್ಲಗೆ ಕೇಳಿದ. ಗುರುಪ್ರಸಾದ ಗೋಡೆ ಕಡೆ ತಿರುಗಿದ. ಶೈಲಜಾ ಶಾಲಿನ ಅಂಚಿಗೆ ಕೈ ಹಾಕಿದಳು.

"ಮಾಮ್, ಡೋಂಟ್," ಎಂದಳು ಮಗಳು ಸ್ನೇಹಾ. ಅಜ್ಜಿಯ ಕೋಣೆಯಲ್ಲೇ ಮಲಗುತ್ತಿದ್ದವಳು. "ಅಜ್ಜಿ ಎವ್ರಿ ನೈಟ್ ಅದನ್ನ ಹೊದ್ಕೋತಿದ್ರು. ಶಿ ವಾಸ್ ಸೋ ಕೋಲ್ಡ್."

"ಮಡಿದನ್ನ ಅವ್ರು ಹಾಸಿಗೆಗೆ ತರಲ್ಲ ಕಣೆ."

"ತರ್ತಿದ್ರು. ಬೆಳಿಗ್ಗೆ ಎದ್ದು ಮತ್ತೆ ಕಿಚನ್ನಲ್ಲಿ ಹಾಕ್ತಿದ್ರು. ಅಮ್ಮಂಗೆ ಹೇಳ್ಬೇಡ, ಬೇಜಾರಾಗತ್ತೆ ಅಂದ್ರು."

"ಮತ್ತೆ ದಿಂಬಿನೊಳಗೆ ಹೇಗ್ ಬಂತು?"

"ಆವತ್ತು, ವೆನ್ ಇಟ್ ಹರ್ಟ್," ಸ್ನೇಹಾ ತನ್ನ ಎದೆ ಮುಟ್ಟಿಕೊಂಡಳು. "ಫಸ್ಟ್ ಅದನ್ನ ಪಿಲ್ಲೋ ಒಳಗೆ ಹಾಕಿದ್ರು. ದೆನ್ ಅಪ್ಪನ್ನ ಕರಿ ಅಂದ್ರು."

ಗುರುಪ್ರಸಾದ ಗೋಡೆಯಿಂದ ಈಚೆ ತಿರುಗಲಿಲ್ಲ.

ಶೈಲಜಾಳಿಗೆ ತಡೆಯಲಾರದ ದುಃಖ ಬಂತು. ಕೆಲಸದವನು ಕಾಯುತ್ತಿದ್ದಾನೆಂಬ ಸಂಕೋಚ ಅಳಲು ಬಿಡಲಿಲ್ಲ. ಕೈ ಮಾತ್ರ ಶಾಲಿನ ಮೇಲೇ ಇತ್ತು.

ಸನ್ಮಾನಕ್ಕೆ ಹೊದಿಸಿದ ಹಾಗೆ ಹೆಗಲ ಮೇಲಿದ್ದದ್ದನ್ನು ಅವಳು ತೆಗೆದಳು. ಕೆಲಸದವನು ಕೈ ಚಾಚಿದ. ಅವಳು ಕೊಡಲಿಲ್ಲ. ಪೂರ್ತಿ ಬಿಡಿಸಿ, ಕತ್ತಿನವರೆಗೆ ಎಳೆದು ಹೊದಿಸಿ, ಕಾಲಕಡೆಗೆ ಹೋದಳು. ಸಾರಿನ ಕಲೆಯಿದ್ದ ಮೂಲೆಯನ್ನು ಪಾದಗಳ ಸುತ್ತ ತಂದು, ಗಾಳಿ ಆಡದ ಹಾಗೆ ಹಿಮ್ಮಡಿಗಳ ಕೆಳಗೆ ಸಿಕ್ಕಿಸಿದಳು.