ಮುರುಂಗಾನ ಅಂಗಳಕ್ಕೆ ಹೋದ ಕೋಳಿ

ನನ್ನ ಚಿಕ್ಕಪ್ಪನ ಮಗಳು ನಸಾಂಬು ನೈರೋಬಿಯಲ್ಲಿ ಜ್ಞಾನ ಮತ್ತು ಅಧ್ಯಾತ್ಮ ಅಧ್ಯಯನದಲ್ಲಿ ಡಾಕ್ಟರೇಟ್ ಮಾಡಲು ಹೊರಟವಳು. ಜ್ಞಾನ ಧಾರಾಳವಾಗಿತ್ತು, ವಿಷಯವೊಂದೇ ಸಿಕ್ಕಿರಲಿಲ್ಲ. ಗಾದೆಗಳ ಬಗ್ಗೆ ಬರೆಯುತ್ತೇನೆ ಎಂದಾಗ ಅವಳ ಗುರು ಪ್ರೊಫೆಸರ್ ಮುಟುವಾ, ಅದನ್ನು ಅರ್ಧ ದೇಶ ಬರೆದು ಮುಗಿಸಿದೆ ಎಂದನಂತೆ. ತಾಯಂದಿರ ಪ್ರಾರ್ಥನೆ ಎಂದಾಗ ಆಕಳಿಸಿದನಂತೆ. ಜೂನ್ ಒಳಗೆ ವಿಷಯ ಒಪ್ಪಿಗೆಯಾಗದಿದ್ದರೆ ಸೀಟೂ ಹೋಗುತ್ತದೆ, ಅವಳು ಪಾಠ ಮಾಡುವ ಕಾಲೇಜಿನ ಕೆಲಸವೂ ಹೋಗುತ್ತದೆ ಎಂದ ಮೇಲೆ ಅವಳಿಗೆ ಊರು ನೆನಪಾಯಿತು.

ನಮ್ಮ ಬುಕುಸು ಜನರಲ್ಲಿ ದೊಡ್ಡ ಹಿರಿಯನೊಬ್ಬನನ್ನು ಮಣ್ಣು ಮಾಡಿದ ಮೇಲೆ ಕುಮುಸೆ ನಡೆಯುತ್ತದೆ. ಅದಕ್ಕೆಂದೇ ಇರುವ ಮನೆತನದವನು ತೊಗಲು ಹೊದ್ದು, ಕೋಲು ಹಿಡಿದು, ಕೂತ ಜನರ ನಡುವೆ ಓಡಾಡುತ್ತ ಕುಲದ ಕಥೆ, ಬುದ್ಧಿಮಾತು, ಸತ್ತವನ ಬಾಳು ಎಲ್ಲವನ್ನೂ ಹೇಳುತ್ತಾನೆ. ಮುಗಿಯುವವರೆಗೆ ಯಾರೂ ಏಳುವಂತಿಲ್ಲ, ನಡುವೆ ಬಾಯಿ ಹಾಕುವಂತಿಲ್ಲ. ಸಾವಿಲ್ಲದೆ ಆ ಮಾತು ಅವನ ಬಾಯಿಂದ ಹೊರಡುವುದೂ ಇಲ್ಲ. ಇದನ್ನು ಕೇಳಿ ಮುಟುವಾನ ಕಣ್ಣು ಅರಳಿತಂತೆ.

"ಇದು ನೋಡಿ ವಿಷಯ! ಒಂದು ಕುಮುಸೆ ರೆಕಾರ್ಡ್ ಮಾಡ್ಕೊಂಡು ಬನ್ನಿ. ಒಂದು ಅಕ್ಷರಾನೂ ಕತ್ತರಿಸಿರಬಾರ್ದು."

ಏಪ್ರಿಲ್‌ನಲ್ಲಿ ಅವಳು ಬಂದಾಗ ನಮ್ಮಜ್ಜ ವಬೊಂಬನ ಕಾಲು ಸೋತಿತ್ತು, ನಾಲಿಗೆ ಚುರುಕಾಗಿಯೇ ಇತ್ತು. ತಾಯಿಯಿಲ್ಲದ ಅವಳನ್ನು ಸಾಕಿದವನು ಅವನು. ಅವನಿಗೆ ಸ್ನಾನ ಮಾಡಿಸುವುದು, ಗಂಜಿ ಕುಡಿಸುವುದು ನನ್ನ ಪಾಲು. ಅವನ ಮುದ್ದೆಲ್ಲ ಅವಳ ಪಾಲು.

"ಡಾಕ್ಟರ್ ಆದ್ಮೇಲೆ ನನ್ನ ಮಂಡಿ ನೋಡ್ತೀಯೇನೇ?"

"ನಾನು ಆ ಥರದ ಡಾಕ್ಟರ್ ಅಲ್ಲ, ಅಜ್ಜ."

"ಮತ್ತೆ ಯಾವ ರೋಗಕ್ಕೆ?"

ಅವಳು ನಕ್ಕಳು. ನಗುತ್ತಲೇ ಅಂಗಳದಲ್ಲಿದ್ದ ಕೆಂಪು ಕೋಳಿಯ ಕಾಲು ಕಟ್ಟಿ, ಕಂಕುಳಲ್ಲಿಟ್ಟುಕೊಂಡು, ಕುಮುಸೆ ಹೇಳುವ ಮುರುಂಗಾನ ಮನೆಗೆ ಹೋದಳು. ಹಿರಿಯರ ಮನೆಗೆ ಬರಿಗೈಯಲ್ಲಿ ಹೋಗಬಾರದೆಂದು ಅವಳಿಗೆ ಕಲಿಸಿದವನು ಅಜ್ಜನೇ. ಆದರೆ ಕುಮುಸೆಯವನ ಅಂಗಳಕ್ಕೆ ಕೋಳಿ ಒಯ್ಯುವುದೆಂದರೆ ನಮ್ಮ ಮನೆಯಲ್ಲಿ ಸಾವಾಗಿದೆ, ಬಾ ಎಂದು ಕರೆದಂತೆ. ಅದನ್ನು ಕಲಿಯುವ ಮೊದಲೇ ಅವಳು ನೈರೋಬಿ ಸೇರಿದ್ದಳು.

"ಸ್ವಲ್ಪ ಹೇಳಿ ಮಾವ, ರೆಕಾರ್ಡ್ ಮಾಡ್ಕೋತೀನಿ" ಎಂದಳಂತೆ.

"ಯಾರು ಸತ್ರು ಅಂತ ಹೇಳ್ಲಿ?"

"ನಮ್ಮಜ್ಜ ಇದಾರಲ್ಲ... ಅವರು ಜೂನ್ ದಾಟೋದು ಕಷ್ಟ."

ಮುರುಂಗಾ ಕೋಳಿಯ ಕಾಲು ಬಿಚ್ಚಿ ಅಂಗಳಕ್ಕೆ ಬಿಟ್ಟ. ಅವಳು ಸಂಜೆಯ ಬಸ್ಸಿಗೆ ನೈರೋಬಿಗೆ ಹೋದಳು.

ಕರೆ ಬಂದ ಮೇಲೆ ಹೋಗದೆ ಇರುವುದು ಮುರುಂಗಾನ ಮನೆತನದಲ್ಲಿಲ್ಲ. ಮರುದಿನ ಬೆಳಿಗ್ಗೆ ತೊಗಲು ಹೊದ್ದು ಬಂದ. ಅಜ್ಜ ಬಿಸಿಲಲ್ಲಿ ಕೂತು ಗಂಜಿ ಕುಡಿಯುತ್ತಿದ್ದ.

"ಯಾರು ಸತ್ರೋ ಮುರುಂಗಾ?"

"ನೀನೇ ಅಂತೆ ಕಣೋ. ಕೋಳಿ ಬಂತು."

ಅಜ್ಜ ಗಂಜಿ ನೆತ್ತಿಗೇರುವಷ್ಟು ನಕ್ಕ. "ಯಾವ ಬೇಕೂಫ ತಂದ?"

"ನಿನ್ನ ನಸಾಂಬು."

ಮುರುಂಗಾ ಎಲ್ಲ ಹೇಳಿದ, ಜೂನ್ ಮಾತನ್ನೂ ಬಿಡಲಿಲ್ಲ. ಅಜ್ಜ ಬಾಯಿ ಒರೆಸಿಕೊಂಡ. ಸಂಜೆ ಬಟ್ಟಲು ತಳ್ಳಿದ. ಮಾರನೆಯ ದಿನವೂ ತಳ್ಳಿದ.

"ಜೂನ್‌ಗೆ ಇನ್ನೆಷ್ಟು ದಿನ ಇದೆಯೋ?" ಎಂದು ಕೇಳಿದ.

"ಹುಚ್ಚು ಹಿಡೀತಾ ನಿನಗೆ? ಬಾಯಿ ತೆಗಿ."

"ಕರೆದಾಗಿದೆ. ಇನ್ನು ಕೋಳಿ ವಾಪಸ್ ಕೇಳೋಕಾಗುತ್ತಾ? ಮಗು ಓದು ಕೆಡಬಾರ್ದು."

ಬೈದೆ, ಕಾಲು ಹಿಡಿದೆ, ಮೂಗು ಹಿಡಿದು ಕುಡಿಸಲು ನೋಡಿದೆ. ನಸಾಂಬುಗೆ ಫೋನ್ ಮಾಡಿ, ನೀನು ಕುಡಿಸಿದರೆ ಕುಡಿಯುತ್ತಾನೆ, ಈಗಲೇ ಹೊರಡು ಎಂದು ಗೋಗರೆದೆ. ಕ್ಲಾಸಿದೆ, ಶನಿವಾರ ಬರುತ್ತೇನೆ ಎಂದಳು. ಶನಿವಾರ ಬಂದಳು, ಮಣ್ಣು ಮಾಡಲು.

ಕುಮುಸೆಯ ದಿನ ಬಯಲು ತುಂಬ ಜನ. ರೆಕಾರ್ಡರನ್ನು ಮಡಿಲಲ್ಲಿಟ್ಟುಕೊಂಡು ಅವಳು ಹೆಂಗಸರ ಮುಂದಿನ ಸಾಲಿನಲ್ಲೇ ಕೂತಿದ್ದಳು. ಮುರುಂಗಾ ಕುಲದ ವಲಸೆ ಹೇಳಿದ, ಅಜ್ಜನ ದನಗಳನ್ನು ಹೊಗಳಿದ. ಆಮೇಲೆ ಅವಳ ಮುಂದೆಯೇ ನಿಂತು ಕೋಲೂರಿದ.

"ಈ ಮನೆ ಮಗಳೊಬ್ಬಳು ಬದುಕಿರೋ ಅಜ್ಜನಿಗೆ ಕೋಳಿ ಹಿಡ್ಕೊಂಡು ನನ್ನ ಕರೆಯೋಕೆ ಬಂದ್ಲು. ಜೂನ್ ಒಳಗೆ ಸಾಯ್ತಾನೆ ಅಂದ್ಲು. ಮುದುಕ ಕೇಳಿಸ್ಕೊಂಡ. ಕೊಟ್ಟ ಗಂಜಿ ಮುಟ್ಲಿಲ್ಲ, ಅವಳ ಲೆಕ್ಕ ತಪ್ಪಬಾರ್ದು ಅಂತ. ಮೊಮ್ಮಕ್ಕಳನ್ನ ಓದಿಸಿ, ಜನಗಳೇ! ಸಾಯೋ ದಿನ ಅವರೇ ಹೇಳ್ತಾರೆ."

ಅವಳು ಏಳುವಂತಿರಲಿಲ್ಲ. ಮುಖ ಬಿಳಿಚಿತು. ಬೆರಳು ರೆಕಾರ್ಡರ್ ನಿಲ್ಲಿಸುವ ಗುಂಡಿಯ ಮೇಲಿತ್ತು. ನಾನು ಕಣ್ಣು ಕೀಳದೆ ನೋಡಿದೆ, ಅವಳು ಒತ್ತಲಿಲ್ಲ. ಕತ್ತರಿಸಿದ್ದು ಮುಟುವಾನಿಗೆ ಬೇಡವಲ್ಲ.

ನೈರೋಬಿಯಲ್ಲಿ ವಿಷಯಕ್ಕೆ ಒಪ್ಪಿಗೆ ಕೊಡುವ ಸಮಿತಿಯ ಮುಂದೆ ನಮ್ಮ ಭಾಷೆಯನ್ನು ಇಂಗ್ಲಿಷಿಗೆ ತಿರುಗಿಸಿ ಹೇಳಲು ಅವಳಲ್ಲದೆ ಊರಿನ ಇನ್ನೊಬ್ಬರು ಬೇಕಂತೆ. ನಾನು ಊರ ಶಾಲೆಯ ಇಂಗ್ಲಿಷ್ ಮೇಷ್ಟ್ರು, ಕರೆದಳು, ಹೋದೆ. ಬಾಗಿಲಲ್ಲಿ ನನ್ನ ತೋಳು ಹಿಡಿದಳು.

"ಅಣ್ಣ, ಆ ಭಾಗ ಸ್ವಲ್ಪ ನೋಡ್ಕೊಂಡು ಹೇಳೋ. ನಿನ್ನ ದಮ್ಮಯ್ಯ."

"ನೋಡ್ಕೊಂಡೇ ಹೇಳ್ತೀನಿ" ಎಂದೆ.

ಹೇಳಿದೆ. ಕೋಳಿ ಬಿಡಲಿಲ್ಲ, ಗಂಜಿ ಬಿಡಲಿಲ್ಲ, ಜೂನ್ ಬಂದ ಕಡೆ ಸ್ವಲ್ಪ ನಿಧಾನ ಮಾಡಿದೆ. ಸುಳ್ಳೇಕೆ, ನನಗೆ ಹೊಟ್ಟೆ ತಣ್ಣಗಾಯಿತು. ಅವಳು ಮೇಜನ್ನೇ ನೋಡುತ್ತಿದ್ದಳು. ಮಗಳೊಬ್ಬಳು ಎಂದಿದ್ದನೇ ಹೊರತು ಮುರುಂಗಾ ಹೆಸರು ಹೇಳಿರಲಿಲ್ಲ. ನಾನೂ ಹೇಳಲಿಲ್ಲ.

ಮುಟುವಾ ಮೇಜು ಗುದ್ದಿದ. "ಅದ್ಭುತ! ಒಪ್ಪಿಗೆ. ಇಡೀ ಪ್ರಬಂಧ ಆ ಹುಡುಗಿ ಮೇಲೇ ಆಗ್ಲಿ. ಅಂಥ ಮನಸ್ಸು ಹೇಗೆ ಹುಟ್ಟುತ್ತೆ, ಆಮೇಲೆ ಹೇಗೆ ಬದುಕುತ್ತೆ, ಅದೇ ನಿಮ್ಮ ವಿಷಯ. ಹೆಸರು ಮಾತ್ರ ಹಾಕ್ಬೇಡಿ, ಪಾಪ. ಮೂರು ವರ್ಷ ಅವಳ ಜೊತೆನೇ ಕೂತು ಮಾತಾಡ್ಬೇಕಾಗುತ್ತೆ. ಸಿಕ್ತಾಳಾ?"

ನಸಾಂಬು ನನ್ನ ಕಡೆ ನೋಡಿದಳು. ನಾನು ಕಿಟಕಿಯ ಕಡೆ ತಿರುಗಿದೆ.

"ಸಿಕ್ತಾಳೆ ಸರ್" ಎಂದಳು.