ಅವ್ವನ ಮೂರು ಬೆರಳು

ಅವ್ವ ರೊಟ್ಟಿ ಬಡಿಯುವ ಸಪ್ಪಳದಲ್ಲಿ ನಡುನಡುವೆ ಒಂದು ಪೆಟ್ಟು ತಪ್ಪುತ್ತಿದೆ, ಅದು ಓಣಿಯವರಿಗೂ ಕೇಳಿಸುತ್ತಿದೆಯೋ ಏನೋ. ಈ ಸಣ್ಣ ಅಂಜಿಕೆಯನ್ನು ಪೂನಂ ಯಾರ ಮುಂದೆಯೂ ಆಡದೆ ಡೈರಿಯಲ್ಲಿ ಬರೆದಳು. ಬರೆದ ಮೇಲೆ, ಇದೂ ಒಂದು ಅಂಜುವ ವಿಷಯವೇ ಎಂದು ತನಗೆ ತಾನೇ ನಾಚಿಕೊಂಡು ಆ ಸಾಲಿನ ಮೇಲೆ ಗೀಟು ಎಳೆದಳು. ಗೀಟಿನ ಕೆಳಗೂ ಅಕ್ಷರಗಳು ನಿಚ್ಚಳವಾಗಿ ಕಾಣುತ್ತಿದ್ದವು.

ಡಿಗ್ರಿ ಮುಗಿಸಿ ಎರಡು ವರ್ಷವಾಗಿದ್ದ ಪೂನಂ ಮಾತಿನಲ್ಲಿ ಬಹಳ ಹಿಂದೆ. "ಈ ಪೋರಿಗಿ ಬಾಯಿ ಅದನೋ ಇಲ್ಲೋ?" ಎಂದು ಮನೆಗೆ ಬಂದ ನೆಂಟರು ಕೇಳುವುದು, ಅವಳು ನಕ್ಕು ಒಳಗೆ ಸರಿಯುವುದು, ಇಷ್ಟರಲ್ಲೇ ಅವಳ ಸಂಭಾಷಣೆ ಮುಗಿಯುತ್ತಿತ್ತು. ಉಳಿದದ್ದೆಲ್ಲ ಡೈರಿಯ ಪಾಲು.

ಅವಳ ಅವ್ವ ಕಸ್ತೂರಿಬಾಯಿಯ ಜೋಳದ ರೊಟ್ಟಿಗೆ ಬಸವಕಲ್ಯಾಣದ ಆ ಓಣಿಯಲ್ಲಿ ಹೆಸರಿತ್ತು. ಬಲಗೈ ಬಡಿಯಬೇಕು, ಎಡಗೈ ತಿರುಗಿಸಬೇಕು. ಈ ಚಳಿಗಾಲದಿಂದ ಎಡಗೈ ತನ್ನ ಪಾಳಿ ಮರೆಯುತ್ತಿತ್ತು. ರೊಟ್ಟಿಯ ಒಂದು ಮಗ್ಗುಲು ದಪ್ಪ, ಇನ್ನೊಂದು ಮಗ್ಗುಲು ಹರಕು. ಬೆಳಗ್ಗೆ ಎದ್ದ ಕೂಡಲೇ ಅವ್ವ ಎಡಗೈಯನ್ನು ನೀರು ಝಾಡಿಸಿದಂತೆ ಝಾಡಿಸುತ್ತಿದ್ದಳು. ಚಹಾದ ಕಪ್ಪು ಎರಡು ಸಲ ಕೈ ಜಾರಿತು. ತನ್ನ ಅಂಗಿಯ ಗುಂಡಿಯನ್ನೂ ತಾನು ಹಾಕಿಕೊಳ್ಳದ ಅಪ್ಪನಿಗೆ ಇಪ್ಪತ್ತಾರು ವರ್ಷ ಗುಂಡಿ ಹಾಕಿದವಳು ಈಗ ತನ್ನ ಕುಪ್ಪಸದ ಹುಕ್ಕಿಗೆ ಮಗಳನ್ನು ಕೂಗುತ್ತಿದ್ದಳು.

"ಏನವ್ವಾ ಕೈಗಿ?"

"ಜೋಮ ಹಿಡದದ. ಹೋಗ್ತದ ಬಿಡು."

ಹೋಗಲಿಲ್ಲ. ಹುಮನಾಬಾದಿನಲ್ಲಿ ಪ್ರತಿ ಗುರುವಾರ ಕೈಯ ಡಾಕ್ಟರಮ್ಮ ಒಬ್ಬರು ಬರುತ್ತಾರೆಂದು ಪೂನಂ ತಿಳಿದುಕೊಂಡಳು. ಫೋನಿನಲ್ಲಿ ಹೆಸರು ಬರೆಸಲು ಮೂರು ದಿನ ಧೈರ್ಯ ಕೂಡಿಸಿಕೊಂಡಳು, ಹೇಳಬೇಕಾದ ಮಾತನ್ನು ಮೊದಲು ಡೈರಿಯಲ್ಲಿ ಬರೆದು, ನೋಡಿ ಓದಿದಳು. ಗುರುವಾರ ಅವ್ವನನ್ನು ಬಸ್ಸಿಗೆ ಹತ್ತಿಸಿದಳು. ದಾರಿಯಲ್ಲಿನ ರಾಜೇಶ್ವರ ಊರಿನವರೆಗೂ ಅವ್ವ ಕಿಟಕಿಯ ಸರಳು ಹಿಡಿದೇ ಕುಳಿತಿದ್ದಳು. ಹಿಡಿದದ್ದು ಬಲಗೈಯಿಂದ.

ಡಾಕ್ಟರ್ ತಹಸೀನ್ ನಲವತ್ತರ ಆಸುಪಾಸಿನ ಹೆಂಗಸು, ಮಾತು ಬಿರುಸು. ಅವ್ವನ ಕಣ್ಣು ಮುಚ್ಚಿಸಿ ಸೂಜಿಯ ತುದಿಯನ್ನು ಕಿರುಬೆರಳಿಗೆ ತಾಗಿಸಿದರು.

"ಚುಚ್ತದ್ರಿ," ಎಂದಳು ಅವ್ವ.

ಆಮೇಲೆ ನಡುಬೆರಳು, ತೋರುಬೆರಳು, ಹೆಬ್ಬೆರಳು. ಅವ್ವ ಕಾಯುತ್ತಲೇ ಇದ್ದಳು.

"ಚಾಲೂ ಮಾಡ್ರಿ ಮೇಡಂ, ಯಾಕ ನಿಂತ್ರಿ?"

ಡಾಕ್ಟರ್ ನಗಲಿಲ್ಲ. ಮಣಿಕಟ್ಟಿನ ಮೇಲೆ ಬೆರಳಿನಿಂದ ಮೆಲ್ಲಗೆ ತಟ್ಟಿದರು. ಅವ್ವ ಕರೆಂಟು ಹೊಡೆದಂತೆ ಕೈ ಎಳೆದುಕೊಂಡಳು.

"ನೋಡ್ರಿ ಅವ್ವಾರ, ಇಲ್ಲಿ ಮಣಿಕಟ್ಟಿನ್ಯಾಗ ಒಂದು ಸಣ್ಣ ಬೋಗದಿ ಇರ್ತದ, ಸುರಂಗ ಇದ್ದಂಗ. ಅದರಾಗ ಬೆರಳ ಮಡಚೋ ಒಂಬತ್ತ ಎಳಿ, ಒಂದ ನರ. ಮ್ಯಾಲಿನ ಪಟ್ಟಿ ಬಿಗದು ಆ ನರ ಒತ್ತಾಕತ್ತದ. ಪಟ್ಟಿ ಕೊಯ್ದ್ರ ನರಕ್ಕ ಉಸಿರ ಬರ್ತದ. ಸೂಜಿ ಹಾಕಿ ಕೈ ಅಷ್ಟೇ ಜೋಮ ಬರೋಹಂಗ ಮಾಡ್ತೀವಿ. ನೀವು ನನ್ನ ಕೂಡ ರೊಟ್ಟಿ ಸುದ್ದಿ ಮಾತಾಡಕೋತ ಇರ್ರಿ, ಅಷ್ಟರಾಗ ಮುಗೀತದ." ಕಲಬುರಗಿಗೆ ಹೋಗಿ ನರದ ಪರೀಕ್ಷೆ ಮಾಡಿಸಿಕೊಂಡು ಬನ್ನಿ ಎಂದು ಚೀಟಿ ಬರೆದುಕೊಟ್ಟರು.

ಪರೀಕ್ಷೆಯಾಯಿತು. ಅದರ ಫೈಲು ಮನೆಗೆ ಬಂದ ದಿನವೇ ಜಗಳವೂ ಬಂತು.

ದೊಡ್ಡಪ್ಪ ಬಸವಣಪ್ಪನವರು ಮನೆಯ ಹಿರಿಯರು. ಮುಂದಿನ ಕೋಣೆಯಲ್ಲಿ ಅವರ ಕಿರಾಣಿ ಅಂಗಡಿ. ಪೂನಂಳ ಅಪ್ಪ ಧನರಾಜ ಅಣ್ಣನ ಮಾತು ಮುಗಿಯುವ ಮೊದಲೇ ಹೂಂ ಎನ್ನುವವನು. ಫೈಲು ತೆರೆಯದೆಯೇ ದೊಡ್ಡಪ್ಪ ಕೇಳಿದರು:

"ಯಾವ ಕೈ?"

"ಎಡಗೈ," ಎಂದಳು ಪೂನಂ.

"ಎಲ್ಲಿ ಕೊಯ್ತಾರ?"

ಪೂನಂ ತನ್ನ ಅಂಗೈಯ ಬುಡ ತೋರಿಸಿದಳು. ದೊಡ್ಡಪ್ಪ ತಕ್ಕಡಿ ಕೆಳಗಿಟ್ಟರು.

"ಲಿಂಗ ಕೂಡೋ ಕೈಗಿ ಚೂರಿ ಹಚ್ಚತೀರೇನು? ಗುರುಗಳು ಆ ಅಂಗೈ ಮ್ಯಾಲ ಲಿಂಗ ಇಟ್ಟ ದಿನ ನಾ ಎದುರೇ ಕುಂತಿದ್ದೆ. ಬಲಗೈ ಇದ್ರ ಬ್ಯಾರೆ ಮಾತು. ಎಣ್ಣಿ ಹಚ್ಚರಿ, ಶಾಖ ಕೊಡ್ರಿ. ಬಿ.ಎ. ಓದಿದ್ದು ಸಾಕಾಗಿಲ್ಲೇನು, ಡಾಕ್ಟರಕೀನೂ ಮಾಡ್ತಿ?"

ಉತ್ತರವನ್ನು ಅವ್ವನೇ ಕೊಟ್ಟಳು, ಆದರೆ ಭಾವನ ಪರವಾಗಿ. "ಸೂಜಿ ತಿಳೀಲಿಲ್ಲಂದ್ರ ಏನಾತು? ಲಿಂಗ ಇಟ್ಟದ್ದು ನನಗ ಬರೋಬರ್ ತಿಳೀತದ. ದಿನಾ ತಿಳೀತದ."

ದೊಡ್ಡಪ್ಪ ಫೈಲನ್ನು ಅಂಗಡಿಯ ಮೇಲಿನ ಮಾಡದಲ್ಲಿ ಇಟ್ಟರು. ಮರುದಿನ ಪೂನಂ ಸ್ಟೂಲು ಹಾಕಿ ಇಳಿಸಿ ಅವ್ವನ ಹಾಸಿಗೆಯ ತಲೆದಿಸೆಗೆ ಇಟ್ಟಳು. ಅವರು ಬೆಲ್ಲದ ಪೆಂಟೆಗಳ ಅಡಿಗೆ ತಳ್ಳಿದರು. ಅವಳು ಎಳೆದು, ಒರೆಸಿ, ಮತ್ತೆ ಅವ್ವನ ತಲೆದಿಸೆಗೇ ಇಟ್ಟಳು. ಒಂದು ವಾರ ಇದೇ ನಡೆಯಿತು. ಪೂನಂ ಡೈರಿಯಲ್ಲಿ ಬರೆದಳು: ಇಂದು ಐದನೆಯ ಸಲ. ಇನ್ನೂ ಐವತ್ತು ಸಲ ಅಡಗಿಸಲಿ, ಐವತ್ತು ಸಲ ತೆಗೆಯುತ್ತೇನೆ.

ಆ ಸೋಮವಾರ ಬೆಳಗ್ಗೆ ನಡೆದದ್ದನ್ನು ಮಾತ್ರ ಅವಳು ಡೈರಿಯಲ್ಲೂ ಬರೆಯಲಿಲ್ಲ.

ಅವ್ವ ಸ್ನಾನ ಮುಗಿಸಿ ಪೂಜೆಗೆ ಕುಳಿತಿದ್ದಳು. ಕರಡಿಗೆಯಿಂದ ಇಷ್ಟಲಿಂಗ ತೆಗೆದು, ವಿಭೂತಿ ಹಚ್ಚಿ, ಎಡ ಅಂಗೈಯಲ್ಲಿ ಇಟ್ಟುಕೊಂಡು ಕಣ್ಣು ಮುಚ್ಚಿ ಜಪಕ್ಕೆ ತೊಡಗಿದ್ದಳು. ಹೂವಿನ ಬಟ್ಟಲು ತಂದ ಪೂನಂ ಬಾಗಿಲಲ್ಲೇ ನಿಂತಳು. ಅವ್ವನ ಮಣಿಕಟ್ಟು ಸಾವಕಾಶವಾಗಿ ಬಗ್ಗುತ್ತಿತ್ತು. ಲಿಂಗ ಅಂಗೈಯ ತಗ್ಗಿನಿಂದ ಬೆರಳುಗಳ ಮೇಲೆ ಸರಿಯಿತು, ಅಲ್ಲಿ ಒಂದು ಕ್ಷಣ ನಿಂತಿತು, ಆಮೇಲೆ ಸೀರೆಯ ಮಡಿಲಿಗೆ ಜಾರಿತು. ಸಪ್ಪಳವಾಗಲಿಲ್ಲ. ಅವ್ವನ ತುಟಿ ಅಲುಗುತ್ತಲೇ ಇತ್ತು. ಬೆರಳು ಮೂರೂ ಬಿಚ್ಚಿದಂತೆಯೇ ಇದ್ದವು, ಅವುಗಳ ಮೇಲೆ ಏನೂ ಇರಲಿಲ್ಲ.

ಪೂನಂ ಮನಸ್ಸಿನಲ್ಲೇ ಎಣಿಸುತ್ತ ನಿಂತಳು. ನೂರರವರೆಗೆ ಎಣಿಸಿದಳು. ಅವ್ವನಿಗೆ ತಿಳಿಯಲಿಲ್ಲ.

ಒಬ್ಬರ ಲಿಂಗವನ್ನು ಇನ್ನೊಬ್ಬರು ಮುಟ್ಟಬಾರದು. ಚಿಕ್ಕವಳಿದ್ದಾಗ ಅವ್ವನ ಕರಡಿಗೆಗೆ ಕೈ ಹಾಕಿ ಪೆಟ್ಟು ತಿಂದದ್ದು ಪೂನಂಳಿಗೆ ನೆನಪಿತ್ತು. ಆದರೂ ಬರಿಗೈಗೆ ಜಪ ಮಾಡುವ ಅವ್ವನನ್ನು ನೋಡುತ್ತ ನಿಲ್ಲುವುದು ಅವಳಿಂದಾಗಲಿಲ್ಲ. ಬಟ್ಟಲು ಕೆಳಗಿಟ್ಟು, ಉಸಿರು ಬಿಗಿ ಹಿಡಿದು, ಮಡಿಲಿನಿಂದ ಲಿಂಗವನ್ನು ಎತ್ತಿ ಆ ಮೂರು ಬೆರಳುಗಳ ಮೇಲೆ ಇಟ್ಟಳು. ಕಲ್ಲು ಇನ್ನೂ ತಣ್ಣಗಿತ್ತು. ಬೆರಳುಗಳು ಮಿಸುಕಲಿಲ್ಲ. ಅವಳು ಬಾಗಿಲಿಗೆ ಹಿಂದಿರುಗಿದ ಮೇಲೆ ಎಷ್ಟೋ ಹೊತ್ತಿಗೆ ಅವ್ವ ಕಣ್ಣು ತೆರೆದು, ಲಿಂಗವನ್ನು ನೋಡಿ, ಕಣ್ಣಿಗೆ ಒತ್ತಿಕೊಂಡಳು.

"ಹೂ ತಂದಿಯೇನವ್ವಾ? ಇಲ್ಲಿ ಇಡು," ಎಂದಳು, ಮುಖದ ತುಂಬ ನೆಮ್ಮದಿ.

ಆ ದಿನದ ಪುಟದಲ್ಲಿ ಪೂನಂ ತಾರೀಖು ಬರೆದು ಪೆನ್ನು ಮುಚ್ಚಿದಳು. ಹೇಳಿದರೆ ಅವ್ವನ ಆ ನೆಮ್ಮದಿ ಒಡೆಯುತ್ತದೆ. ಹೇಳದಿದ್ದರೆ ಅವ್ವನ ಕೈ ಹೋಗುತ್ತದೆ.

ಗುರುವಾರ ಅವಳು ಫೈಲು ಹಿಡಿದು ಅಂಗಡಿಯ ಎದುರು ನಿಂತಳು. "ಹುಮನಾಬಾದಿಗಿ ಹೊಂಟೀವಿ, ದೊಡ್ಡಪ್ಪ." ಕೇಳಿದ್ದಲ್ಲ, ತಿಳಿಸಿದ್ದು. ದೊಡ್ಡಪ್ಪ ಅವಳನ್ನು ಮೇಲಿನಿಂದ ಕೆಳಗೆ ನೋಡಿದರು.

"ತಡೀ. ನಾನೂ ಬರ್ತೀನಿ. ನಿಮ್ಮ ಡಾಕ್ಟರಮ್ಮಗ ನಾಕ ಮಾತ ಕೇಳೂದದ."

ದವಾಖಾನೆಯಲ್ಲಿ ದೊಡ್ಡಪ್ಪ ರೋಗಿಯ ಕುರ್ಚಿಯಲ್ಲೇ ಕುಳಿತುಬಿಟ್ಟರು. ಅವ್ವ ಪಕ್ಕದ ಸ್ಟೂಲಿನಲ್ಲಿ, ಪೂನಂ ಗೋಡೆಗೆ ಆತು ನಿಂತಳು. ಡಾಕ್ಟರ್ ಫೈಲು ತೆರೆದು ಮೂಗು ಅರಳಿಸಿದರು.

"ಏನ್ರಿ, ರಿಪೋರ್ಟಿಗಿ ಬೆಲ್ಲದ ವಾಸನಿ?"

ದೊಡ್ಡಪ್ಪ ಕೆಮ್ಮಿದರು. "ಕಿರಾಣಿ ಮನಿರಿ ನಮ್ದು. ಮೇಡಂ, ಸೀದಾ ಹೇಳ್ತೀನಿ. ಒಂದು ಇಂಜೆಕ್ಷನ್ ಹೊಡದ ಕಳಸ್ರಿ. ಈ ಕೈಯಾಗ ಲಿಂಗ ಕೂಡ್ತದ. ಅಲ್ಲಿ ಕೊಯ್ಯೋದು ನಮ್ಮ ಮನ್ಯಾಗ ನಡ್ಯಂಗಿಲ್ಲ."

ಡಾಕ್ಟರ್ ಅವ್ವನ ಕೈಯನ್ನು ತಿರುಗಿಸಿ ಮೇಜಿನ ಮೇಲೆ ಇಟ್ಟರು. "ಲಿಂಗ ಎಲ್ಲಿ ಕೂಡ್ತದ, ತೋರಸ್ರಿ."

ದೊಡ್ಡಪ್ಪ ಮುಟ್ಟದೆ, ದೂರದಿಂದ ಅಂಗೈಯ ನಡುವಿನ ತಗ್ಗು ತೋರಿಸಿದರು.

"ನಾ ಕೊಯ್ಯೋದು ಇಲ್ಲಿ." ಡಾಕ್ಟರ್ ಪೆನ್ನಿನಿಂದ ಅಂಗೈಯ ಬುಡದಲ್ಲಿ, ಮಣಿಕಟ್ಟಿನ ಹತ್ತಿರ, ಒಂದು ಗೀಟು ಎಳೆದರು. ಒಂದು ಹಸಿ ಮೆಣಸಿನಕಾಯಿಯಷ್ಟೂ ಉದ್ದವಿರಲಿಲ್ಲ. "ನಿಮ್ಮ ದೇವರ ಗಾದಿ ನಾ ಮುಟ್ಟಂಗಿಲ್ಲ. ಹೊಲಿಗಿ ಬಿಚ್ಚೋ ತನಕ ಹದಿನೈದ ದಿನ ಪಟ್ಟಿ ಇರ್ತದ, ಆಮ್ಯಾಲ ಪೂಜಿ ಮಾಡ್ರಿ. ಇಲ್ಲಿ ನೋಡ್ರಿ, ಹೆಬ್ಬಟ್ಟಿನ ಬುಡಕ್ಕ ಖಂಡ ಇಳದದ. ಬಲಗೈ ಕೂಡ ತೂಗಿ ನೋಡ್ರಿ, ತಕ್ಕಡಿ ಹಿಡಿಯೋರು ನೀವು. ಇಂಜೆಕ್ಷನ್‌ದ ಟೈಮ್ ಹೋಗ್ಯಾದ. ಇನ್ನ ಆರ ತಿಂಗಳ ಕುಂತ್ರ ನಾ ಕೊಯ್ದರೂ ಫಾಯದಾ ಇಲ್ಲ. ಈಗ ಮಾಡಿದ್ರನೂ ಪೂರಾ ಬರ್ತದಂತ ನಾ ಖೋಟಾ ಹೇಳಂಗಿಲ್ಲ. ಆದ್ರ ಬರ್ತದ, ಸಾವಕಾಶ ಬರ್ತದ."

ದೊಡ್ಡಪ್ಪ ಎರಡೂ ಅಂಗೈಗಳನ್ನು ನೋಡಿದರು. ನೋಡಿದ್ದು ನಿಜ, ಒಪ್ಪಲಿಲ್ಲ. "ಹದಿನೈದ ದಿನ ಅಂಗೈ ಪೂಜಿ ಇಲ್ಲಂದ್ರ? ಕಸ್ತೂರಿ ಒಂದ ದಿನ ಬಿಟ್ಟಾಕಿ ಅಲ್ಲ. ದಿನಾ ಅರ್ಧ ತಾಸ ಲಿಂಗ ಹಿಡದ ಕೂಡ್ತಾಳ. ಸತ್ತ ಕೈ ಇದ್ರ ಕೂಡ್ತಿತ್ತೇನ್ರಿ?"

"ನಾ ನಿಮ್ಮನ್ನ ಕೇಳಾಕತ್ತಿಲ್ಲ," ಎಂದರು ಡಾಕ್ಟರ್. "ಕೈ ಅವರದು. ಅವ್ವಾರ, ನೀವು ಬ್ಯಾಡಂದ್ರ ನಾ ಮುಟ್ಟಂಗಿಲ್ಲ. ಹೇಳ್ರಿ."

ಅವ್ವ ತನ್ನ ಕೈಯ ಮೇಲಿನ ಮಸಿಯ ಗೀಟನ್ನೇ ನೋಡುತ್ತಿದ್ದಳು. ಆಮೇಲೆ ತಲೆ ಎತ್ತಿದಳು. ಅಂಜಿಕೆ ಇರಲಿಲ್ಲ ಆ ಮುಖದಲ್ಲಿ, ಹಟವಿತ್ತು.

"ಮೇಡಂ, ರೊಟ್ಟಿ ಬರಲಿಲ್ಲಂದ್ರ ಮಗಳ ಬಡೀತಾಳ. ಹುಕ್ಕ ಬರಲಿಲ್ಲಂದ್ರ ಅಕಿನೇ ಹಾಕ್ತಾಳ. ನನಗ ಅದರ ಚಿಂತಿ ಇಲ್ಲ. ನನ್ನ ಲಿಂಗ ನನ್ನ ಕೈಯಾಗ ಕುಂತದ, ಅಷ್ಟ ಸಾಕು. ಅದು ಕುಂತದ್ದು ನನಗ ತಿಳೀತದ. ಅದು ತಿಳೀವಲ್ದು ಅಂದ ದಿನ ಭಾವನೋರು ಬ್ಯಾಡಂದ್ರೂ ನಾ ಕೇಳಂಗಿಲ್ಲ. ನಾನೇ ಬಂದು ಈ ಟೇಬಲ್ ಮ್ಯಾಲ ಕೈ ಇಡ್ತೀನಿ, ಕೊಯ್ರಿ ಅಂತ. ಅಲ್ಲೀತನ ಬ್ಯಾಡ್ರಿ."

ದೊಡ್ಡಪ್ಪ ಎದ್ದು ನಿಂತರು. "ಆತಲ್ರಿ? ನಡೀರಿ, ಒಂದೂವರೆ ಬಸ್ ಸಿಗ್ತದ."

ಆಪರೇಷನ್ನಿಗೆ ಒಪ್ಪಿ ಅವ್ವ ಸಹಿ ಹಾಕಬೇಕಿದ್ದ ಕಾಗದವನ್ನು ಡಾಕ್ಟರ್ ಹಾಗೆಯೇ ಫೈಲಿನೊಳಗೆ ಸೇರಿಸಿದರು. ಫೈಲನ್ನು ದೊಡ್ಡಪ್ಪನ ಚಾಚಿದ ಕೈಗೆ ಕೊಡಹೋದರು. ನಡುವೆ ಇನ್ನೊಂದು ಕೈ ಬಂತು. ಪೂನಂ ಫೈಲನ್ನು ಹಿಡಿದಳು, ಬಿಡಲಿಲ್ಲ. ಆ ಕಡೆ ದೊಡ್ಡಪ್ಪ ಎಳೆದರು, ಈ ಕಡೆ ಅವಳು. ಕೋಣೆಯಲ್ಲಿದ್ದ ಮೂವರೂ ಅವಳನ್ನೇ ನೋಡುತ್ತಿದ್ದರು.

"ಬಿಡು ಪೂನಂ," ಎಂದರು ದೊಡ್ಡಪ್ಪ.

"ಬಿಡಂಗಿಲ್ಲ."

ಅಷ್ಟು ದೊಡ್ಡ ದನಿ ತನ್ನದೆಂದು ಅವಳಿಗೇ ಗೊತ್ತಿರಲಿಲ್ಲ. ದೊಡ್ಡಪ್ಪನ ಕೈ ತಾನಾಗಿ ಸಡಿಲವಾಯಿತು. ಪೂನಂ ಫೈಲನ್ನು ತೆರೆದು, ಸಹಿಯ ಕಾಗದವನ್ನು ಹೊರಗೆಳೆದು, ಅವ್ವನ ಎದುರು ಮೇಜಿನ ಮೇಲೆ ಇಟ್ಟಳು. ಆಮೇಲೆ ಅವ್ವನ ಮುಖವನ್ನು ನೋಡಿದಳು, ಕಣ್ಣು ತಪ್ಪಿಸಲಿಲ್ಲ.

"ಹೋದ ಸೋಮವಾರ ಲಿಂಗ ನಿನ್ನ ಮಡಿಲಾಗ ಜಾರಿ ಬಿದ್ದಿತ್ತವ್ವಾ. ನೀ ಬರೇ ಕೈ ಹಿಡಕೊಂಡು ಕುಂತಿದ್ದಿ. ನಾ ಮುಟ್ಟೇನಿ, ನಾನೇ ಎತ್ತಿ ನಿನ್ನ ಬೆರಳ ಮ್ಯಾಲ ಇಟ್ಟೇನಿ. ನಿನಗ ಬಿದ್ದದ್ದೂ ತಿಳೀಲಿಲ್ಲ, ಇಟ್ಟದ್ದೂ ತಿಳೀಲಿಲ್ಲ."